ಎಂಟು ಔನ್ಸ್ ಹಾಲು

ಕಟ್ಟಡದ ಹಿಂಬದಿಗೆ ಬಂದ ಕೂಡಲೇ ನಮಗೆ ದಾರಿ ತೋರಿಸುತ್ತಿದ್ದ ಮಹಿಳೆ ಕೈಗವಸು ಕಳಚಿ ಜೇಬಿಗಿಟ್ಟುಕೊಂಡರು. ಅಕ್ಟೋಬರ್ ಚಳಿಗೆ ನನ್ನ ಬೆರಳುಗಳು ಆಗಲೇ ಜೋಮು ಹಿಡಿದಿದ್ದವು. ಆಕೆ ಬರಿಗೈಯನ್ನು ಗೋಡೆಯ ಮೇಲಿಟ್ಟು, “ಇದನ್ನು ಕಣ್ಣಲ್ಲಿ ಓದಬೇಡಿ, ಬೆರಳಲ್ಲಿ ಓದಿ” ಎಂದರು. ಮುಟ್ಟಿ ನೋಡಿದೆ. ಕೆಂಪು ಇಟ್ಟಿಗೆಯ ಮೈಮೇಲೆ ಮೊಳೆಯಲ್ಲೋ ಚೂಪುಗಲ್ಲಲ್ಲೋ ಕೆತ್ತಿದ ಅಕ್ಷರಗಳು. ಒಂದು ಇಟ್ಟಿಗೆಯಲ್ಲಿ ಹೆಸರು, ಪಕ್ಕದ್ದರಲ್ಲಿ ಇನ್ನೊಂದು ಹೆಸರು, ಅದರ ಕೆಳಗೆ ಇಸವಿ, ಕೆಲವು ಕಡೆ ಬರೀ ಸಂಖ್ಯೆ. ಸಂಖ್ಯೆ ಯಾಕೆಂದು ಕೇಳಿದೆ. ಶಾಲೆಗೆ ಸೇರಿದ ಮಗುವನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ಬಟ್ಟೆಯ ಮೇಲೂ ಸಂಖ್ಯೆ, ಹಾಜರಿಯಲ್ಲೂ ಸಂಖ್ಯೆ. ಅದಕ್ಕೇ ಕೆಲವರು ಯಾರೂ ನೋಡದ ಹೊತ್ತಲ್ಲಿ ಹಿಂಬದಿ ಗೋಡೆಗೆ ಬಂದು ತಮ್ಮ ಹೆಸರನ್ನು ತಾವೇ ಬರೆದುಕೊಂಡರು. ಎಲ್ಲವೂ ನನ್ನ ಸೊಂಟದಿಂದ ಎದೆಯೆತ್ತರದೊಳಗೇ ಇದ್ದವು. ಬರೆದವರ ಎತ್ತರ ಅಷ್ಟೇ ಇತ್ತು.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಟ್‌ಫರ್ಡ್ ಎಂಬ ಊರು ಅದು. ಟೊರಾಂಟೊದಿಂದ ನೂರು ಕಿಲೋಮೀಟರ್ ಆಸುಪಾಸು. ಟೆಲಿಫೋನಿನ ಗ್ರಹಾಂ ಬೆಲ್ ಇದ್ದ ಊರೆಂದು ಬೋರ್ಡುಗಳು ಸಾರುತ್ತವೆ. ಬ್ರಾಂಪ್ಟನ್‌ನಲ್ಲಿರುವ ಮಗಳು ನನ್ನನ್ನು ಕರೆತಂದಿದ್ದು ಬೆಲ್ ಮನೆ ತೋರಿಸಲಿಕ್ಕೇ. ದಾರಿಯಲ್ಲಿ ತೋಟವೊಂದರ ಅಂಗಡಿಯಲ್ಲಿ ಸೇಬು ಕೊಂಡೆವು. ಚೀಲ ಕಾರಿನಲ್ಲೇ ಇತ್ತು. ಊರಂಚಿನಲ್ಲಿ, ಮರಗಳ ಸಾಲಿನ ಕೊನೆಗೆ, ಬಿಳಿ ಕಂಬಗಳ ಆ ಕೆಂಪು ಕಟ್ಟಡ ಕಂಡಿತು. ಮೊಹಾಕ್ ಇನ್‌ಸ್ಟಿಟ್ಯೂಟ್. ಹತ್ತೊಂಬತ್ತನೇ ಶತಮಾನದ ಮೂವತ್ತರ ದಶಕದಿಂದ 1970ರವರೆಗೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟು, ಅವರ ಭಾಷೆಯನ್ನು ಬಾಯಿಂದ ಬಿಡಿಸಲು ನಡೆಸಿದ ವಸತಿ ಶಾಲೆ. 1903ರಲ್ಲಿ ಮಕ್ಕಳೇ ಬೆಂಕಿಯಿಟ್ಟು ಸುಟ್ಟರು. ಮರುವರ್ಷ ಮತ್ತೆ ಕಟ್ಟಿದರು. ಈಗ ಅದು ವುಡ್‌ಲ್ಯಾಂಡ್ ಸಾಂಸ್ಕೃತಿಕ ಕೇಂದ್ರದ ಕೈಯಲ್ಲಿದೆ. ಛಾವಣಿ ಸೋರಿ ಹಾಳಾದಾಗ ಕೆಡವುವುದೋ ಉಳಿಸುವುದೋ ಎಂದು ಸಮುದಾಯವನ್ನೇ ಕೇಳಿದರಂತೆ. ಉಳಿಸಿ, ಇದು ಸಾಕ್ಷಿ ಎಂದರು ಜನ.

ಇಲ್ಲಿ ಓದಿದವರು ಈ ಶಾಲೆಯನ್ನು ‘ಮಷ್ ಹೋಲ್’ ಎಂದೇ ಕರೆಯುತ್ತಾರೆ. ಮಷ್ ಅಂದರೆ ಓಟ್ಸನ್ನು ನೀರಿನಲ್ಲಿ ಬೇಯಿಸಿದ ಲೋಳೆ. ಬೆಳಗ್ಗೆಯೂ ಅದೇ, ಎಷ್ಟೋ ಸಲ ರಾತ್ರಿಯೂ ಅದೇ. ಈ ಪದವನ್ನು ನಾನು ಕನ್ನಡ ಮಾಡುತ್ತಿಲ್ಲ, ಕಾರಣ ಆಮೇಲೆ ಹೇಳುತ್ತೇನೆ. ಶಾಲೆಗೆ ಹೊಲವಿತ್ತು, ಹಸುಗಳಿದ್ದವು, ಹಂದಿಗಳಿದ್ದವು. ದುಡಿಯುತ್ತಿದ್ದವರು ಮಕ್ಕಳೇ. ಎದುರಿಗೇ ಸೇಬಿನ ತೋಟವೂ ಇತ್ತು. ಒಂದು ಹಣ್ಣು ಕಿತ್ತರೆ ಪೆಟ್ಟು. ಆಕೆ ಇದನ್ನು ಹೇಳುವಾಗ ನನಗೆ ಕಾರಿನಲ್ಲಿದ್ದ ಚೀಲ ನೆನಪಾಗಿ ಗಂಟಲು ಬಿಗಿಯಿತು.

ರಸೆಲ್ ಮೋಸಸ್ ಎಂಬವರು 1942ರಿಂದ ಐದು ವರ್ಷ ಈ ಶಾಲೆಯಲ್ಲಿದ್ದರು. ಮುಂದೆ ಸೇನೆ ಸೇರಿ ಕೊರಿಯಾ ಯುದ್ಧಕ್ಕೂ ಹೋಗಿಬಂದವರು. 1965ರಲ್ಲಿ ಸರ್ಕಾರವೇ ಕೇಳಿದ್ದರಿಂದ ತಮ್ಮ ಶಾಲಾದಿನಗಳ ಬಗ್ಗೆ ಕೆಲವು ಪುಟ ಬರೆದುಕೊಟ್ಟರು. ಹಂದಿಗೆಂದು ಇಟ್ಟ ಕಲಗಚ್ಚಿನ ಪೀಪಾಯಿಯಿಂದ ಮಕ್ಕಳು ತಿನ್ನುವಂಥದ್ದನ್ನು ಹೆಕ್ಕಿಕೊಳ್ಳುತ್ತಿದ್ದದ್ದನ್ನು ಅವರು ಅದರಲ್ಲಿ ದಾಖಲಿಸಿದ್ದಾರೆ. ಆ ಪುಟಗಳಲ್ಲಿ ಪದೇ ಪದೇ ಬರುವುದು ಹಸಿವು. ಈ ಹಸಿವು ಅರ್ಧ ಶತಮಾನದ ನಂತರ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮುಂಚೆ ಹಾಲಿನ ಕಥೆ ಹೇಳಬೇಕು. ಮೂರು ವಾರದಿಂದ ನನ್ನ ತಲೆಯಿಂದ ಇಳಿಯದೆ ಕೂತಿರುವುದು ಅದೇ.

ಮಗಳ ಮನೆಯ ಫ್ರಿಜ್ ಬಾಗಿಲಿಗೆ ಒಂದು ಊಟದ ತಟ್ಟೆಯ ಚಿತ್ರ ಅಂಟಿಸಿದೆ. ಮೊಮ್ಮಗಳ ಶಾಲೆಯಲ್ಲಿ ಕೊಟ್ಟದ್ದು. ಅರ್ಧ ತಟ್ಟೆ ತರಕಾರಿ ಹಣ್ಣು, ಕಾಲು ಭಾಗ ಬೇಳೆ ಮೊಟ್ಟೆ ಮಾಂಸ, ಕಾಲು ಭಾಗ ಧಾನ್ಯ, ಪಕ್ಕದಲ್ಲಿ ಒಂದು ಲೋಟ ನೀರು. ಇದು ಕೆನಡಾದ ಅಧಿಕೃತ ಆಹಾರ ಮಾರ್ಗಸೂಚಿ, 2019ರದ್ದು. ಇದರ ಮುತ್ತಜ್ಜಿ 1942ರ ಜುಲೈನಲ್ಲಿ ಹುಟ್ಟಿದ್ದು. ಯುದ್ಧಕಾಲದಲ್ಲಿ ಜನ ಏನು ತಿನ್ನಬೇಕೆಂದು ಸರ್ಕಾರ ಹೊರಡಿಸಿದ ಆಹಾರ ನಿಯಮಗಳವು. ಪಟ್ಟಿಯ ಮೊದಲ ಸಾಲೇ ಹಾಲಿನದು. ದೊಡ್ಡವರಿಗೆ ಅರ್ಧ ಪಿಂಟ್, ಮಕ್ಕಳಿಗೆ ಒಂದು ಪಿಂಟ್‌ಗಿಂತ ಹೆಚ್ಚು. ಅಲ್ಲಿಯ ಒಂದು ಪಿಂಟ್ ಅಂದರೆ ಇಪ್ಪತ್ತು ಔನ್ಸ್. ಆಗ ಸರ್ಕಾರದ ಪೌಷ್ಟಿಕಾಂಶ ವಿಭಾಗದ ಮುಖ್ಯಸ್ಥರಾಗಿದ್ದವರು ಡಾ. ಲಯೋನೆಲ್ ಪೆಟ್. ದೇಶದ ಮಕ್ಕಳಿಗೆ ಎಷ್ಟು ಹಾಲು ಬೇಕೆಂಬುದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ದೇಶದಲ್ಲಿ ಇರಲಿಲ್ಲ.

ಅದೇ 1942ರಲ್ಲಿ ಮ್ಯಾನಿಟೋಬಾದ ಉತ್ತರದ ಕಾಡುಗಳಿಗೆ ವೈದ್ಯರ ತಂಡವೊಂದು ಹೋಯಿತು. ಮೂಲನಿವಾಸಿಗಳ ಆರೋಗ್ಯ ನೋಡಿಕೊಳ್ಳುವ ಅಧಿಕಾರಿ ಡಾ. ಪರ್ಸಿ ಮೂರ್ ಮತ್ತು ಪ್ಯಾಬ್ಲಮ್ ಎಂಬ ಪ್ರಸಿದ್ಧ ಮಕ್ಕಳ ಆಹಾರ ರೂಪಿಸಿದ ಮೂವರಲ್ಲಿ ಒಬ್ಬರಾದ ಡಾ. ಫ್ರೆಡೆರಿಕ್ ಟಿಸ್ಡಾಲ್ ಅದರಲ್ಲಿದ್ದರು. ತುಪ್ಪಳದ ವ್ಯಾಪಾರ ಕುಸಿದು ಸರ್ಕಾರದ ಪರಿಹಾರವೂ ಸೊರಗಿ ಜನ ಹಸಿದಿದ್ದರು. ಸೋಮಾರಿತನ, ನಿರಾಸಕ್ತಿ ಎಂದು ಆ ಜನಾಂಗದ ಹುಟ್ಟುಗುಣದಂತೆ ಹೇಳಿಕೊಂಡು ಬಂದದ್ದು ಬಹುಶಃ ಪೋಷಣೆಯ ಕೊರತೆಯ ಫಲ ಎಂದು ಈ ವೈದ್ಯರೇ ಬರೆದರು. ಇಷ್ಟು ಕಂಡವರು ಮುಂದೆ ಮಾಡಿದ್ದು ನೋಡಿ. ಮುನ್ನೂರು ಜನರಲ್ಲಿ 125 ಮಂದಿಗೆ ವಿಟಮಿನ್ ಕೊಟ್ಟರು, ಮಿಕ್ಕವರನ್ನು ಹೋಲಿಕೆಗೆಂದು ಹಾಗೇ ಬಿಟ್ಟರು. ಹಸಿದವರಿಗೆ ಬೇಕಿದ್ದದ್ದು ಆಹಾರ ಎಂಬುದು ಅವರ ವರದಿಯಲ್ಲೇ ಇತ್ತು.

ವಸತಿ ಶಾಲೆಗಳ ಸರದಿ ಬಂದದ್ದು 1948ರಲ್ಲಿ. ಪೆಟ್ ಅವರ ಮೇಲ್ವಿಚಾರಣೆಯಲ್ಲಿ ಆರು ಶಾಲೆಗಳು, ಸುಮಾರು ಒಂದು ಸಾವಿರ ಮಕ್ಕಳು, 1952ರವರೆಗೆ. ಮೊಹಾಕ್ ಇನ್‌ಸ್ಟಿಟ್ಯೂಟ್ ಈ ಆರರಲ್ಲಿ ಇರಲಿಲ್ಲ. ಒಂದು ಶಾಲೆಯಲ್ಲಿ ವಿಟಮಿನ್ ಸಿ ಮಾತ್ರೆ, ಅರ್ಧ ಮಕ್ಕಳಿಗೆ ನಿಜದ್ದು, ಇನ್ನರ್ಧಕ್ಕೆ ಬರೀ ತೋರಿಕೆಯದು. ಇನ್ನೊಂದರಲ್ಲಿ ಮೂಳೆಪುಡಿ ಬೆರೆಸಿ ವಿಟಮಿನ್ ಸೇರಿಸಿದ ಹಿಟ್ಟು. ಕಲಬೆರಕೆ ತಡೆ ಕಾನೂನಿನ ಪ್ರಕಾರ ನ್ಯೂಫೌಂಡ್‌ಲ್ಯಾಂಡ್ ಒಂದನ್ನು ಬಿಟ್ಟು ಕೆನಡಾದ ಬೇರೆಲ್ಲೂ ಆ ಹಿಟ್ಟನ್ನು ಮಾರುವಂತೆಯೇ ಇರಲಿಲ್ಲ. ಅದನ್ನು ತಿಂದ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ವಸಡಿನ ಸ್ಥಿತಿ ಪ್ರಯೋಗದ ಅಳತೆಗೋಲಾಗಿದ್ದರಿಂದ, ಫಲಿತಾಂಶ ಕೆಡಬಾರದೆಂದು ಹಲ್ಲಿನ ಕೆಲವು ಚಿಕಿತ್ಸೆಗಳನ್ನು ತಡೆಹಿಡಿದರು. ತಂದೆತಾಯಿಗೆ ಯಾರೂ ಹೇಳಲಿಲ್ಲ, ಕೇಳಲಿಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಬೇಕೇ ಬೇಕೆಂದು ನ್ಯೂರೆಂಬರ್ಗ್ ನ್ಯಾಯಾಲಯ ಜಗತ್ತಿಗೆ ಹೇಳಿ ಆಗ ಒಂದೇ ವರ್ಷವಾಗಿತ್ತು.

ವ್ಯಾಂಕೂವರ್ ದ್ವೀಪದ ಅಲ್ಬರ್ನಿ ಶಾಲೆಯದು ಹಾಲಿನ ಪ್ರಯೋಗ. ಹಾಲು ಮೂರು ಪಟ್ಟು ಹೆಚ್ಚಿಸಿದರೆ ಮಕ್ಕಳಿಗೆ ಏನಾಗುತ್ತದೆಂದು ನೋಡಬೇಕಿತ್ತು. ಹೆಚ್ಚಿಸುವುದಕ್ಕೆ ಮುಂಚಿನ ಸ್ಥಿತಿ ಖಚಿತವಾಗಿ ಗೊತ್ತಿರಬೇಕಲ್ಲ, ಅದಕ್ಕೆ ಎರಡು ವರ್ಷ ದಿನಕ್ಕೆ ಎಂಟು ಔನ್ಸ್ ಮಾತ್ರ ಕೊಟ್ಟು ಕಾದರು. ಎರಡು ವರ್ಷ ಕಳೆದ ಮೇಲೆ ಇಪ್ಪತ್ತನಾಲ್ಕು ಔನ್ಸ್.

ಇದನ್ನೆಲ್ಲ ಓದಿದ ರಾತ್ರಿ ನಾನು ಅಡುಗೆಮನೆಗೆ ಹೋಗಿ ಮಗಳ ಗಾಜಿನ ಅಳತೆ ಜಗ್ಗಿಗೆ ಹಾಲು ಸುರಿದೆ. ಔನ್ಸ್‌ಗಳ ಗೆರೆ ಅದರ ಮೇಲೆ ಕೆಂಪಿನಲ್ಲಿ ಮುದ್ರಿಸಿದೆ. ಎಂಟರ ಗೆರೆಗೆ ನಿಲ್ಲಿಸಿದೆ. ಸುಮಾರು 230 ಮಿಲಿಲೀಟರ್, ನಮ್ಮ ಪಾವಿಗಿಂತ ಸ್ವಲ್ಪ ಕಡಿಮೆ. ಮೊಮ್ಮಗಳು ಬೆಳಗ್ಗೆ ಸೀರಿಯಲ್ ಬಟ್ಟಲಿಗೆ ಸುರಿದುಕೊಳ್ಳುವುದೇ ಅಷ್ಟಾಗುತ್ತದೆ. ಆಮೇಲೆ ಇಪ್ಪತ್ತರ ಮಟ್ಟಕ್ಕೆ ಸುರಿದೆ, ಪೆಟ್ ಅವರ ವಿಭಾಗ 1942ರಲ್ಲಿ ಮಕ್ಕಳಿಗೆ ಇದಕ್ಕಿಂತ ಕಡಿಮೆ ಬೇಡವೆಂದ ಮಟ್ಟ. ಎಂಟರ ಗೆರೆಗೂ ಈ ಮಟ್ಟಕ್ಕೂ ನಡುವೆ ನನ್ನ ನಾಲ್ಕು ಬೆರಳು ಹಿಡಿಯಿತು. ದೇಶದ ಮಕ್ಕಳಿಗೆ ನಿಯಮ ಬರೆದ ವಿಭಾಗವೇ ಈ ಮಕ್ಕಳನ್ನು ಎರಡು ವರ್ಷ ಆ ನಾಲ್ಕು ಬೆರಳು ಕೆಳಗಿಟ್ಟಿತು. ಅಜ್ಞಾನದಿಂದ ಆದ ಅನ್ಯಾಯ ಇದಾಗಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ.

ಈ ಕಾಗದಗಳನ್ನೆಲ್ಲ ಸರ್ಕಾರಿ ಕಡತಗಳಿಂದ ಹೊರತೆಗೆದವರು ಆಹಾರದ ಇತಿಹಾಸಕಾರ ಇಯಾನ್ ಮಾಸ್ಬಿ. ಅವರ ಲೇಖನ 2013ರಲ್ಲಿ ಬಂದಾಗ ಕೆನಡಾದ ಊರೂರಲ್ಲಿ ಜನ ಬೀದಿಗಿಳಿದರು. ಅದೇ ಮಾಸ್ಬಿ 2017ರಲ್ಲಿ ಟ್ರೇಸಿ ಗ್ಯಾಲೋವೇ ಎಂಬ ಮಾನವಶಾಸ್ತ್ರಜ್ಞೆಯ ಜೊತೆ ಇನ್ನೊಂದು ಲೇಖನ ಬರೆದರು, ಈ ಬಾರಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಗೆ. ಅದರ ತಲೆಬರಹ ರಸೆಲ್ ಮೋಸಸ್ ಹಸಿವಿನ ಬಗ್ಗೆ ಬರೆದ ಮಾತಿನಿಂದಲೇ ಎತ್ತಿಕೊಂಡದ್ದು. ಮೂಲನಿವಾಸಿಗಳಲ್ಲಿ ಸಕ್ಕರೆ ಕಾಯಿಲೆ ಇಷ್ಟೊಂದು ಯಾಕೆ ಎಂಬ ಹಳೆಯ ಪ್ರಶ್ನೆಗೆ ಅವರು ಶಾಲೆಯ ಊಟದ ಕೋಣೆಯಲ್ಲಿ ಉತ್ತರ ಹುಡುಕಿದ್ದರು. ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಹಸಿದ ದೇಹ ಕುಳ್ಳಾಗುತ್ತದೆ, ಕೊಬ್ಬು ಕೂಡಿಡಲು ಕಲಿಯುತ್ತದೆ, ಇನ್ಸುಲಿನ್ನಿಗೆ ಓಗೊಡುವ ಬಗೆಯೇ ಬದಲಾಗುತ್ತದೆ. ಹೀಗೆ ಬೆಳೆದ ಹುಡುಗಿ ತಾಯಿಯಾದಾಗ ಅದರ ನೆರಳು ಹೊಟ್ಟೆಯ ಮಗುವಿನ ಮೇಲೂ ಬೀಳುತ್ತದೆ.

ಇದು ಮೈಸೂರಿನವರಿಗೆ ಹೊಸ ಮಾತಲ್ಲ. ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆಗಳಿದ್ದವು. ಹುಟ್ಟಿದಾಗಿನ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಅದರಲ್ಲಿತ್ತು. ಅಲ್ಲಿ ಹುಟ್ಟಿ ಮಧ್ಯವಯಸ್ಸಿಗೆ ಬಂದವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಚಿಕ್ಕದಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ತಾಯಿಯ ಹಸಿವು ಮಗುವಿನ ಎದೆಗೆ ಐವತ್ತು ವರ್ಷದ ಮೇಲೆ ತಟ್ಟುತ್ತದೆ ಎಂಬುದಕ್ಕೆ ನಮ್ಮೂರಿನ ಆಸ್ಪತ್ರೆಯ ಹಳೆಯ ಪುಸ್ತಕಗಳೂ ಸಾಕ್ಷಿ.

ಆದರೆ ಮೂಲನಿವಾಸಿಗಳ ಸಕ್ಕರೆ ಕಾಯಿಲೆಗೆ ಕೆನಡಾದಲ್ಲಿ ದಶಕಗಟ್ಟಲೆ ಹೇಳುತ್ತ ಬಂದ ಕಾರಣ ಬೇರೆ. 1962ರಲ್ಲಿ ಜೇಮ್ಸ್ ನೀಲ್ ಎಂಬ ಅಮೆರಿಕದ ತಳಿವಿಜ್ಞಾನಿ ‘ಮಿತವ್ಯಯದ ಜೀನ್’ ಎಂಬ ಊಹೆ ಮುಂದಿಟ್ಟರು. ಬರಗಾಲ ಉಂಡ ಪೂರ್ವಜರ ದೇಹ ಕೂಡಿಡುವ ಗುಣ ಪಡೆದಿತ್ತು, ಈಗ ಊಟ ಹೆಚ್ಚಾದದ್ದರಿಂದ ಅದೇ ಮುಳುವಾಯಿತು ಎಂಬ ವಾದ. ಮೂಲನಿವಾಸಿಗಳಿಗೆ ಇದನ್ನು ಹಚ್ಚಿದರು, ದಕ್ಷಿಣ ಏಷ್ಯಾದವರಾದ ನಮಗೂ ಹಚ್ಚಿದರು. ನೀಲ್ ತಮ್ಮ ಊಹೆಯನ್ನು ಮುಂದೆ ತಾವೇ ಅನುಮಾನಿಸಿದರು, ಆದರೆ ಕೇಳಿದವರು ಮರೆಯಲಿಲ್ಲ. ‘ನಮ್ಮ ಜೀನೇ ಹಾಗೆ’ ಎಂದು ನನ್ನ ಅಣ್ಣನೂ ಹೇಳುತ್ತಾನೆ. ಜೀನಿನ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಎಂಟು ಔನ್ಸ್ ಹಾಲಿನ ಲೆಕ್ಕ ಕಡತದಲ್ಲಿ ಬಿದ್ದಿರುವಾಗ ರಕ್ತದಲ್ಲೇ ಕಾರಣ ಹುಡುಕುತ್ತ ಹೋದದ್ದು ನನಗೆ ಒಪ್ಪಿತವಾಗುವುದಿಲ್ಲ. ಸಂಶೋಧನೆಯಲ್ಲಿ ವರ್ಣಭೇದಕ್ಕೆ ಎದುರು ನಿಲ್ಲುವುದೆಂದರೆ ಏನೆಂದು ಕೇಳಿದಾಗ ಅಲ್ಲಿಯ ಸಂಶೋಧಕರು ಮೊದಲು ಹೇಳುವುದೂ ಇದನ್ನೇ. ಅರ್ಜಿಯಲ್ಲಿ ‘ಜನಾಂಗ’ ಎಂಬ ಕಾಲಂ ಇಟ್ಟು ಅದರ ಮುಂದೆ ಕಾಯಿಲೆಯ ಅಂಕಿ ಬರೆದರೆ ಕಾಯಿಲೆಗೆ ಜನಾಂಗವೇ ಕಾರಣವೆಂಬಂತೆ ಕಾಣುತ್ತದೆ. ಅವರಿಗೆ ಏನು ಮಾಡಲಾಯಿತು ಎಂಬ ಕಾಲಂ ಇಡಬೇಕು. ನಮ್ಮಲ್ಲಿ ಜಾತಿವಾರು ಅಂಕಿ ಓದುವವರು ಈ ಮಾತಿನ ಹತ್ತಿರ ಒಂದು ಕ್ಷಣ ನಿಂತರೆ ಒಳ್ಳೆಯದು. ರಕ್ತಹೀನತೆ ಯಾವ ಕೇರಿಯಲ್ಲಿ ಹೆಚ್ಚೆಂದು ನಮಗೆ ಗೊತ್ತು. ಆ ಕೇರಿಗೆ ಏನು ತಲುಪಲಿಲ್ಲ, ಯಾರು ತಲುಪಿಸಲಿಲ್ಲ ಎಂಬ ಕಾಲಂ ನಾನು ಯಾವ ಅರ್ಜಿಯಲ್ಲೂ ತುಂಬಿದ ನೆನಪಿಲ್ಲ.

ಅರ್ಜಿ ತುಂಬಿದವರಲ್ಲಿ ನಾನೂ ಒಬ್ಬ. ಇಪ್ಪತ್ತೆರಡರ ಹರೆಯದಲ್ಲಿ ಒಂದು ಸಂಸ್ಥೆಯ ಪರವಾಗಿ ಹೆಗ್ಗಡದೇವನಕೋಟೆ ಕಡೆಯ ಹಾಡಿಗಳಲ್ಲಿ ಮಕ್ಕಳ ರಟ್ಟೆ ಅಳೆದಿದ್ದೇನೆ. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ. ಎಡರಟ್ಟೆಯ ನಡುವೆ ಸುತ್ತಿ ಎಳೆದರೆ ಕಿಂಡಿಯಲ್ಲಿ ಬಣ್ಣ ಕಾಣುತ್ತದೆ. ಕೆಂಪು ಬಂದರೆ ಮಗು ಅಪಾಯದಲ್ಲಿದೆ ಎಂದರ್ಥ. ಬಣ್ಣ ಬರೆದುಕೊಂಡು ಮುಂದಿನ ಗುಡಿಸಲಿಗೆ ಹೋಗುವುದು ನನ್ನ ಕೆಲಸ. ಜೇನುಕುರುಬರ ಹಾಡಿಯೊಂದರಲ್ಲಿ ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡಿದ್ದ ಅಜ್ಜಿ ಕೇಳಿದ್ದರು, “ಹೋದ್ ಸಲಾನೂ ಯಾರೋ ಬಂದು ಬರ್ಕೊಂಡ್ ಹೋದ್ರಲ್ಲ ಮಗ, ಅದೇನಾಯ್ತು?” ನನ್ನಲ್ಲಿ ಉತ್ತರ ಇರಲಿಲ್ಲ. ಮೇಲಿನವರಿಗೆ ಕಳಿಸುತ್ತೇವೆ ಅಂದೆ. ನಾನು ಬರೆದುಕೊಂಡದ್ದೇನಾಯ್ತೆಂದು ಹೇಳಲಿಕ್ಕೂ ಮತ್ತೆ ಆ ಹಾಡಿಗೆ ಹೋಗಲಿಲ್ಲ. ಆ ಮಗುವಿನ ರಟ್ಟೆಯಲ್ಲಿ ಕಂಡ ಬಣ್ಣ ಕೆಂಪು. ಅದು ಮಾತ್ರ ಈಗಲೂ ನೆನಪಿದೆ.

ಬ್ರಾಂಟ್‌ಫರ್ಡ್‌ನಲ್ಲಿ ನನಗೆ ಇನ್ನೊಂದು ಪಟ್ಟಿ ತೋರಿಸಿದರು. ಕಪ್ಪೆಚಿಪ್ಪಿನ ಜಾತಿಯ ಚಿಪ್ಪು ತೇದು ಮಾಡಿದ ಸಣ್ಣ ಕೊಳವೆಮಣಿಗಳನ್ನು ನೇಯ್ದ ವಾಂಪಮ್ ಪಟ್ಟಿಯ ಪ್ರತಿಕೃತಿ. ಬಿಳಿಯ ನೆಲದ ಮೇಲೆ ನೇರಳೆಯ ಎರಡು ಗೆರೆ, ಆ ತುದಿಯಿಂದ ಈ ತುದಿಗೆ. ಎಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ. ಒಂದು ಗೆರೆ ಬಿಳಿಯರ ಹಡಗು, ಇನ್ನೊಂದು ಇವರ ದೋಣಿ. ಒಂದೇ ನದಿಯಲ್ಲಿ ಅಕ್ಕಪಕ್ಕ ಸಾಗಬೇಕು, ಒಬ್ಬರ ಚುಕ್ಕಾಣಿಗೆ ಇನ್ನೊಬ್ಬರು ಕೈಹಾಕಬಾರದು. ಡಚ್ಚರ ಜೊತೆ 1613ರಲ್ಲಿ ಆದ ಒಪ್ಪಂದವಿದು ಎನ್ನುತ್ತಾರೆ. ಇಸವಿಯ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ, ನನಗೂ ಆ ಇಸವಿ ಸ್ವಲ್ಪ ಹೆಚ್ಚೇ ಖಚಿತವಾಗಿ ಕೇಳಿಸಿತು. ಆದರೆ ಪಟ್ಟಿಯ ಮಾತು ಮಾತ್ರ ಸ್ಪಷ್ಟ. ಇಲ್ಲಿಯ ಹೊಡೆನೊಷೋನಿ ಜನ, ಅಂದರೆ ಮೊಹಾಕರೂ ಸೇರಿದ ಆರು ಕುಲಗಳ ಒಕ್ಕೂಟ, ಸಂಶೋಧಕರ ಜೊತೆಗಿನ ಒಪ್ಪಂದಕ್ಕೂ ಇದನ್ನೇ ಮುಂದಿಡುತ್ತಾರೆ. ನಿಮ್ಮ ವಿಜ್ಞಾನದ ಹಡಗು ನಿಮ್ಮದು, ನಮ್ಮ ದೋಣಿಯ ಹುಟ್ಟು ನಮ್ಮ ಕೈಲಿರಲಿ.

ಹಿರಿಯರ ಬೋಧೆ ಸಂಶೋಧನೆಗೆ ದಾರಿ ತೋರಬೇಕು ಎಂಬ ಮಾತನ್ನು ಮೊದಲು ಕೇಳಿದಾಗ ನಾನು ಅಷ್ಟಾಗಿ ನಂಬಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಅನಿಷಿನಾಬೆ ಜನರ ಏಳು ಅಜ್ಜಂದಿರ ಬೋಧೆ ಅಲ್ಲಿ ಬಹಳ ಪ್ರಸಿದ್ಧ. ಅರಿವು, ಪ್ರೀತಿ, ಗೌರವ, ಧೈರ್ಯ, ಪ್ರಾಮಾಣಿಕತೆ, ವಿನಯ, ಸತ್ಯ. ಇವನ್ನು ಯಾರು ಬೇಡವೆನ್ನುತ್ತಾರೆ? ವಿಶ್ವವಿದ್ಯಾಲಯದ ಗೋಡೆಯ ಮೇಲೆ ಚಂದದ ಪೋಸ್ಟರ್ ಆಗಿ ಅಂಟಿಸಿದರೆ ಅನುದಾನದ ಅರ್ಜಿಗೂ ಒಳ್ಳೆಯದು. ಅನಿಷಿನಾಬೆಯರ ಬೋಧೆಯನ್ನು ಮೊಹಾಕರ ಮೇಲೂ ಇನುಇಟ್ ಜನರ ಮೇಲೂ ಒಂದೇ ಸಮನೆ ಹೊದಿಸುವ ಅವಸರವನ್ನೂ ನೋಡಿದೆ. ಆದರೆ ಬೋಧೆಯನ್ನು ಕಾರ್ಯಕ್ರಮದ ಪ್ರಾರ್ಥನೆಯಂತೆ ಇಡದೆ ಕೆಲಸದ ಕಟ್ಟಳೆಯಾಗಿ ಬಳಸುವವರನ್ನು ಕಂಡ ಮೇಲೆ ಸಂಶಯ ಇಳಿಯಿತು. ವಿನಯ ಅಂದರೆ ಪ್ರಶ್ನೆ ಏನೆಂದು ಸಮುದಾಯ ತೀರ್ಮಾನಿಸುವುದು. ಸತ್ಯ ಅಂದರೆ ಫಲಿತಾಂಶ ಪತ್ರಿಕೆಗೆ ಹೋಗುವ ಮುಂಚೆ ಅವರ ಮುಂದೆ ಓದುವುದು. ಧೈರ್ಯ ಅಂದರೆ, ಈ ಆಸ್ಪತ್ರೆಯಲ್ಲಿ ವರ್ಣಭೇದ ಇದೆ ಎಂದು ಆಸ್ಪತ್ರೆಯ ಹಣದಲ್ಲೇ ನಡೆದ ಅಧ್ಯಯನದಲ್ಲೂ ಬರೆಯುವುದು. ಆ ಧೈರ್ಯ ಎಷ್ಟು ಬೇಕಿದೆ ಎಂಬುದಕ್ಕೆ ಹಳೆಯ ಕಾಲಕ್ಕೆ ಹೋಗಬೇಕಿಲ್ಲ. 2008ರಲ್ಲಿ ವಿನ್ನಿಪೆಗ್‌ನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ಗಾಲಿಕುರ್ಚಿಯಲ್ಲೇ ಮೂವತ್ತನಾಲ್ಕು ಗಂಟೆ ಕಾದು ಸತ್ತರು. ಗುಣಪಡಿಸಬಹುದಾಗಿದ್ದ ಮೂತ್ರಕೋಶದ ಸೋಂಕು. 2020ರಲ್ಲಿ ಕ್ವಿಬೆಕ್‌ನ ಆಸ್ಪತ್ರೆಯಲ್ಲಿ ಏಳು ಮಕ್ಕಳ ತಾಯಿ ಜಾಯ್ಸ್ ಎಷಾಕ್ವಾನ್ ಸಾಯುವ ಮುಂಚೆ ತಮ್ಮನ್ನು ಸಿಬ್ಬಂದಿ ಬೈಯುವುದನ್ನು ಮೊಬೈಲಿನಲ್ಲಿ ನೇರ ಬಿತ್ತರಿಸಿದರು.

ಹಾಲಿನ ಪ್ರಯೋಗ ನಡೆದ ಅಲ್ಬರ್ನಿ ಇರುವುದು ನೂ-ಚಾ-ನುಲ್ತ್ ಜನರ ನೆಲದಲ್ಲಿ. ಓದುತ್ತಾ ಹೋದಂತೆ ಅದೇ ಜನರ ಹೆಸರು ಇನ್ನೊಂದು ಕಡತದಲ್ಲಿ ಸಿಕ್ಕಿದಾಗ ಎದ್ದು ಕೂತೆ. 1982ರಿಂದ 1985ರ ನಡುವೆ ರಿಚರ್ಡ್ ವಾರ್ಡ್ ಎಂಬ ಸಂಶೋಧಕ ಅವರಲ್ಲಿ 883 ಮಂದಿಯ ರಕ್ತ ತೆಗೆದುಕೊಂಡರು. ಕೀಲುವಾತ ಅವರಲ್ಲಿ ಹೆಚ್ಚು, ಅದರ ಕಾರಣ ಹುಡುಕಿಕೊಡುತ್ತೇನೆ ಎಂದಿದ್ದರು. ಜನ ಸಂತೋಷದಿಂದಲೇ ಕೊಟ್ಟರು. ಕಾರಣ ಸಿಗಲಿಲ್ಲ. ಸಂಶೋಧಕರು ಕೆಲಸ ಬದಲಿಸಿದಾಗ ರಕ್ತವೂ ಅವರ ಹಿಂದೆಯೇ ಹೋಯಿತು, ಕೆನಡಾದಿಂದ ಅಮೆರಿಕದ ಯೂಟಾಗೆ, ಅಲ್ಲಿಂದ ಆಕ್ಸ್‌ಫರ್ಡ್‌ಗೆ. ಕೊಟ್ಟವರಿಗೆ ತಿಳಿಸದೆ ಅದರಿಂದ ವಂಶಮೂಲದ ಅಧ್ಯಯನ ನಡೆಯಿತು. ರಕ್ತ ಮನೆಗೆ ಮರಳಿದ್ದು 2004ರಲ್ಲಿ. ಆಮೇಲೆ ಕೆನಡಾದ ಸಂಶೋಧಕರಾದ ಲಾರಾ ಆರ್ಬರ್ ಮತ್ತು ಡೋರಿಸ್ ಕುಕ್ ಒಂದು ಹೊಸ ಮಾತು ರೂಢಿಗೆ ತಂದರು. ರಕ್ತ ಮತ್ತು ಅದರೊಳಗಿನ ಡಿಎನ್‌ಎ ಸಂಶೋಧಕರ ಬಳಿ ಇರುವುದು ಕೈಗಡವಾಗಿ. ಸಾಲಗಾರನಿಗೆ ಅದರ ಮೇಲೆ ಒಡೆತನವಿಲ್ಲ. ಕೆಲಸ ಮುಗಿದ ಮೇಲೆ ವಾಪಸು, ಬೇರೆ ಕೆಲಸಕ್ಕೆ ಬೇಕಾದರೆ ಮತ್ತೆ ಕೇಳಬೇಕು. ಮೊದಲು ಹಾಲು ಅಳೆದರು, ಮೂವತ್ತು ವರ್ಷದ ಮೇಲೆ ರಕ್ತ ಅಳೆದರು. ಒಂದೇ ಜನ.

ಅಳತೆ ಯಾರ ಕೈಲಿರಬೇಕೆಂಬ ಜಗಳ ಮೂಲನಿವಾಸಿಗಳ ಕಡೆಯಿಂದ ನಿಯಮವಾಗಿ ರೂಪುಗೊಂಡದ್ದು ತೊಂಬತ್ತರ ದಶಕದಲ್ಲಿ. 1994ರಲ್ಲಿ ಸರ್ಕಾರ ಮೂರು ದೊಡ್ಡ ದೀರ್ಘಾವಧಿ ಸಮೀಕ್ಷೆಗಳನ್ನು ಶುರುಮಾಡಿತು, ಮೂರರಿಂದಲೂ ಮೀಸಲು ಪ್ರದೇಶಗಳ ಮೂಲನಿವಾಸಿಗಳನ್ನು ಬಿಟ್ಟಿತು. ಅವರು ತಮ್ಮ ಆರೋಗ್ಯ ಸಮೀಕ್ಷೆಯನ್ನು ತಾವೇ ನಡೆಸಿದರು, 1998ರಲ್ಲಿ ಅದರ ಸಮಿತಿಯಲ್ಲಿ ‘ಓಕ್ಯಾಪ್’ ಎಂಬ ತತ್ವ ಹುಟ್ಟಿತು. ನಮ್ಮ ಬಗೆಗಿನ ಮಾಹಿತಿಯ ಒಡೆತನ ನಮ್ಮದು, ಹಿಡಿತ ನಮ್ಮದು, ಬೇಕೆಂದಾಗ ನೋಡುವ ಹಕ್ಕು ನಮ್ಮದು, ಕೊನೆಗೆ ಆ ಕಾಗದ, ಆ ಕಂಪ್ಯೂಟರ್ ಇರುವ ಕೋಣೆಯ ಬೀಗದ ಕೈಯೂ ನಮ್ಮದು. ನನಗೆ ನಾಲ್ಕರಲ್ಲಿ ಕೊನೆಯದು ಎಲ್ಲಕ್ಕಿಂತ ಹಿಡಿಸಿತು. ಹಕ್ಕಿನ ಮಾತು ಎಲ್ಲರೂ ಆಡುತ್ತಾರೆ, ಬೀಗದ ಕೈ ಕೇಳುವವರು ಕಡಿಮೆ. ಸಂಶೋಧನೆಯ ರಾಷ್ಟ್ರೀಯ ನೀತಿಸಂಹಿತೆಯಲ್ಲಿ 2010ರಿಂದ ಮೂಲನಿವಾಸಿಗಳ ಕುರಿತ ಸಂಶೋಧನೆಗೆಂದೇ ಒಂದು ಅಧ್ಯಾಯವಿದೆ.

ಹೀಗೆ ಕೇಳಿ ಮಾಡುವುದರಿಂದ ಕೆಲಸ ನಿಧಾನ, ವಿಜ್ಞಾನ ಸಡಿಲ ಎನ್ನುವವರು ಅಲ್ಲೂ ಇದ್ದಾರೆ. ಅವರಿಗೆ ಟೊರಾಂಟೊದ ಚೀಟಿಗಳ ಕಥೆ ಹೇಳಬೇಕು. ಮೇಟಿ ಸಮುದಾಯದ ವೈದ್ಯೆ ಜಾನೆಟ್ ಸ್ಮೈಲಿ ಮತ್ತು ಸಂಗಡಿಗರು ನಗರದ ಮೂಲನಿವಾಸಿ ಸಂಸ್ಥೆಗಳ ಜೊತೆ ಸೇರಿ ಒಂದು ಸಮೀಕ್ಷೆ ನಡೆಸಿದರು. ಮನೆಮನೆ ಬಾಗಿಲು ತಟ್ಟಲಿಲ್ಲ. ಸಮುದಾಯದ ಕೆಲವರನ್ನು ಮಾತಾಡಿಸಿ ಪ್ರತಿಯೊಬ್ಬರ ಕೈಗೆ ಸಂಖ್ಯೆಯಿದ್ದ ಕೆಲವು ಚೀಟಿ ಕೊಟ್ಟರು. ನಿಮಗೆ ಗೊತ್ತಿರುವ ನಮ್ಮವರಿಗೆ ಕೊಡಿ ಎಂದರು. ಬಂದವರಿಗೆ ಗೌರವಧನ, ಕರೆತಂದವರಿಗೂ ಸ್ವಲ್ಪ. ಬಂದವರ ಕೈಗೆ ಮತ್ತೆ ಚೀಟಿ. ಯಾರಿಂದ ಯಾರಿಗೆ ಚೀಟಿ ಹೋಯಿತು, ಯಾರಿಗೆ ಎಷ್ಟು ಜನ ಗೊತ್ತು ಎಂಬುದನ್ನಿಟ್ಟುಕೊಂಡು ಲೆಕ್ಕ ಕಟ್ಟುತ್ತಾರೆ. ಸೂರಿಲ್ಲದವರು, ಬಂಧುಗಳ ಮನೆಯ ಸೋಫಾದಲ್ಲಿ ಮಲಗುವವರು, ಸರ್ಕಾರಿ ಅರ್ಜಿ ಕಂಡರೆ ಆಗದವರು ಎಲ್ಲ ಬಂದರು. ಕೊನೆಗೆ ನಗರದ ಮೂಲನಿವಾಸಿಗಳ ಸಂಖ್ಯೆ ಜನಗಣತಿ ಹೇಳಿದ್ದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಎಂದು ತೇಲಿತು. ನಂಬಿಕೆ ಸಿಗದ ಕಡೆ ಎಣಿಕೆಯೂ ತಪ್ಪುತ್ತದೆ. ಸಡಿಲ ವಿಜ್ಞಾನ ಯಾರದೆಂದು ಓದುಗರೇ ಹೇಳಲಿ.

ಬ್ರಾಂಟ್‌ಫರ್ಡ್‌ಗೆ ಅಂಟಿಕೊಂಡೇ ಇರುವ ಸಿಕ್ಸ್ ನೇಷನ್ಸ್ ಮೀಸಲು ಪ್ರದೇಶಕ್ಕೆ ಸಂಶೋಧನೆಗೆಂದು ಕಾಲಿಡುವವರು ಈಗ ಅಲ್ಲಿಯ ಮಂಡಳಿಯ ನೀತಿ ಸಮಿತಿಯ ಮುಂದೆ ನಿಲ್ಲಬೇಕು. ಪಕ್ಕದ ಹ್ಯಾಮಿಲ್ಟನ್‌ನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಅಲ್ಲಿಯ ಆರೋಗ್ಯ ಸೇವೆಯವರ ಜೊತೆ ಸೇರಿ ತಾಯಂದಿರು ಮತ್ತು ಹುಟ್ಟುವ ಮಕ್ಕಳ ದೀರ್ಘ ಅಧ್ಯಯನ ನಡೆಸುತ್ತಿದ್ದಾರೆ. ಅದು ಡಾ. ಸೋನಿಯಾ ಆನಂದ್ ಅವರ ಬಳಗದ್ದು. ಅದೇ ಬಳಗದ ಇನ್ನೊಂದು ಅಧ್ಯಯನ ಬ್ರಾಂಪ್ಟನ್ ಸುತ್ತಲಿನ ಪೀಲ್ ಪ್ರದೇಶದ ದಕ್ಷಿಣ ಏಷ್ಯಾದ ಬಸುರಿಯರದು, ಅದರ ಮತ್ತೊಂದು ಕೈ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ. ಇದು ಗೊತ್ತಾದಾಗ ನಾನು ಮಗಳನ್ನು ಕೇಳಿದ್ದು ಒಂದೇ. ಸಿಕ್ಸ್ ನೇಷನ್ಸ್‌ನ ತಾಯಂದಿರಿಗೆ ತಮ್ಮ ಮಾಹಿತಿಯ ಬಗ್ಗೆ ಮಾತಾಡಲು ಒಂದು ಸಮಿತಿ ಇದೆ. ಬ್ರಾಂಪ್ಟನ್ನಿನ ತಾಯಂದಿರಿಗೆ? ಬೆಂಗಳೂರಿನವರಿಗೆ? ವೈದ್ಯರ, ವಿಜ್ಞಾನಿಗಳ ನೀತಿ ಸಮಿತಿ ಇಲ್ಲೂ ಇರುತ್ತದೆ, ಅದು ಕಾನೂನು. ಹಾಡಿಯ ಅಜ್ಜಿ ಅದರಲ್ಲಿ ಕೂತು “ಹೋದ ಸಲದ್ದು ಏನಾಯ್ತು” ಎಂದು ಕೇಳುವುದು ಬೇರೆ ಸಂಗತಿ.

ಆ ದಿನ ಹೊರಡುವಾಗ, ಪತ್ರಿಕೆಗೆ ಬರೆಯುತ್ತೇನೆಂದು ಮಾರ್ಗದರ್ಶಿ ಮಹಿಳೆಗೆ ಹೇಳಿದೆ. “ಬರೆಯಿರಿ. ಅಚ್ಚಿಗೆ ಹೋಗುವ ಮುಂಚೆ ನನಗೆ ಓದಿ ಹೇಳಿ” ಎಂದರು. ಮೈಸೂರಿಗೆ ಬಂದ ಮೇಲೆ ಒಂದು ಸಂಜೆ ಫೋನ್ ಮಾಡಿ, ಅವರ ಊರಿಗೆ ಸಂಬಂಧಿಸಿದ ಭಾಗಗಳನ್ನು ಇಂಗ್ಲಿಷ್‌ನಲ್ಲಿ ಹೇಳುತ್ತಾ ಹೋದೆ. ಇಟ್ಟಿಗೆಗೆ ಹ್ಞೂಂ ಅಂದರು. ಸೇಬಿಗೆ ಸುಮ್ಮನಿದ್ದರು. ಮಷ್ ಎಂಬುದನ್ನು ಮೊದಲ ಕರಡಿನಲ್ಲಿ ನಾನು ‘ಗಂಜಿ’ ಎಂದು ಬರೆದಿದ್ದೆ. ಹಾಗಂದರೆ ಏನೆಂದು ಕೇಳಿದರು. ಜ್ವರ ಬಂದಾಗ ಅಮ್ಮ ಮಾಡಿಕೊಡುತ್ತಾಳೆ, ಅಕ್ಕಿಯನ್ನು ಹದವಾಗಿ ಬೇಯಿಸಿ, ಚೂರು ಉಪ್ಪಿನಕಾಯಿ ಇಟ್ಟು, ಪಕ್ಕದಲ್ಲಿ ಕೂತು ಕುಡಿಸುತ್ತಾಳೆ ಎಂದು ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

“ಅದನ್ನು ತೆಗೆಯಿರಿ” ಎಂದರು. “ನಮಗೆ ಕೊಟ್ಟದ್ದಕ್ಕೆ ಆ ಹೆಸರು ಬೇಡ.”

ತೆಗೆದಿದ್ದೇನೆ.